ಎಡಗಡೆ ಸೀಟಿನ ಹಾಡು

ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿಕೊಂಡು, ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಮಗಳು ಸಣ್ಣ ಸ್ಕ್ರೂಡ್ರೈವರಿನ ಮೊನೆಯಿಂದ ಉಗುರುಬಣ್ಣ ಕೆರೆಯುತ್ತಿದ್ದಳು. ಕೆಂಪು ಹುಡಿ ಎದ್ದು ಬೆವೆತ ಅಂಗೈಗೆ ಅಂಟುತ್ತಿತ್ತು. ಕಪ್ಪು ಪೆಟ್ಟಿಗೆಯ ಮೇಲೆ ಸಾಲಾಗಿ ಕೂತ ಪುಟ್ಟ ತಿರುಪುಗಳಲ್ಲಿ ಪ್ರತಿಯೊಂದರ ತಲೆಗೂ ಅಪ್ಪ ಒಂದೊಂದು ತೊಟ್ಟು ಬಣ್ಣ ಬಿಟ್ಟು ಮೊಹರು ಹಾಕಿದ್ದ. ಹದ ಮಾಡಿಯಾಗಿದೆ, ಇನ್ನು ಯಾರೂ ಮುಟ್ಟಕೂಡದು ಎನ್ನುವುದಕ್ಕೆ ಕಾರುಗಳಿಗೆ ಸ್ಪೀಕರು ಕೂರಿಸುವ ಕಸುಬಿನವರು ಇಡುವ ಗುರುತು ಅದು.

ಅಪ್ಪ ಮನೆಯ ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಅಂಗಳದಲ್ಲಿ ಬಾಡಿಗೆ ಕುರ್ಚಿಗಳು ಒಂದೊಂದಾಗಿ ತುಂಬುತ್ತಿದ್ದವು. ಬಂದವರ ಕಣ್ಣು ಮೊದಲು ಬೀಳುತ್ತಿದ್ದುದು ಪಕ್ಕದ ಶೆಡ್ಡಿನಲ್ಲಿ ಕಾರಿನ ಹಿಂಬದಿಯಿಂದ ಹೊರಚಾಚಿದ್ದ ಎರಡು ಕಾಲುಗಳ ಮೇಲೆ. ಅವು ಸತ್ತವನ ಒಬ್ಬಳೇ ಮಗಳ ಕಾಲುಗಳೆಂದು ತಿಳಿದಾಗ ಕೆಲವರು ಮೂಗಿನ ಮೇಲೆ ಬೆರಳಿಟ್ಟರು. ಇನ್ನು ಕೆಲವರು, ಪಾಪ, ದುಃಖಕ್ಕೆ ತಲೆ ಕೆಟ್ಟಿರಬೇಕು ಎಂದರು.

ಚಿಕ್ಕಪ್ಪ ಬಂದು ಡಿಕ್ಕಿಯ ಬಾಗಿಲನ್ನು ಬೆರಳಿನಿಂದ ತಟ್ಟಿದ. ಬೆಳಗಿನಿಂದ ಕೆಂಡ ತುಳಿದವನ ಹಾಗೆ ಓಡಾಡಿ ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಏನೇ ಇದು? ಒಳಗೆ ಅಣ್ಣ ಮಲಗಿದಾನೆ, ನೀನಿಲ್ಲಿ ರಿಪೇರಿಗೆ ಕೂತಿದೀಯ. ಜನ ಏನಂದ್ಕೊಳ್ತಾರೆ?"

"ಜನ ಏನೋ ಅಂದ್ಕೊಂಡಿದಾರೆ ಅಂತಲೇ ಕೂತಿರೋದು ಚಿಕ್ಕಪ್ಪ. ಶವದ ಗಾಡಿ ಬರೋದು ಮಧ್ಯಾಹ್ನ ಅಲ್ವಾ? ಅಷ್ಟರಲ್ಲಿ ಮುಗಿಸ್ತೀನಿ."

ಅವಳ ದನಿಯಲ್ಲಿ ಅಳುವಿರಲಿಲ್ಲ. ಅದೇ ಅವನಿಗೆ ಹೆಚ್ಚು ಗಾಬರಿ ಹುಟ್ಟಿಸಿತು. ಅವನು ಕುರ್ಚಿ ಸಾಲದೇ ಹೋದಾವೆಂದು ಗೊಣಗುತ್ತಾ ಹೋದ.

ಬೆಳಿಗ್ಗೆ ಅಮ್ಮ ಎರಡು ಮಾತು ಹೇಳಿದ್ದಳು. ಒಂದು, ತಾನು ಸ್ಮಶಾನಕ್ಕೆ ಬರುವುದು ತಮ್ಮ ಕಾರಿನಲ್ಲಿ, ತನ್ನ ಜಾಗದಲ್ಲಿ ಕೂತುಕೊಂಡೇ. ಎರಡು, ದಾರಿಯುದ್ದಕ್ಕೂ ಅವರ ಹಾಡು ಹಾಕಿರಬೇಕು. ಸಾವಿನ ದಿನ ಹಾಡೇ ಎಂದು ಚಿಕ್ಕಪ್ಪ ಹೌಹಾರಿದ. ಹಾಡು ಹಾಕದೆ ಅವರು ಗಾಡಿ ತೆಗೆದದ್ದನ್ನು ನಾನು ಕಂಡಿಲ್ಲ, ಇವತ್ತು ಯಾಕೆ ಹೊಸ ಅಭ್ಯಾಸ ಎಂದಳು ಅಮ್ಮ. ಕಾರು ಓಡಿಸಲು, ಎಲ್ಲರೂ ಟ್ವೀಟರ್ ಎಂದು ಕರೆಯುವ ಅಪ್ಪನ ಹಳೆಯ ಶಿಷ್ಯ ಮುಂದೆ ಬಂದ. ಗುರುಗಳ ಗಾಡಿ, ನಾನೇ ಓಡಿಸ್ತೀನಿ ಎಂದು ಕಣ್ಣೊರೆಸಿಕೊಂಡ. ಅಲ್ಲಿಗೆ ಎಲ್ಲವೂ ತೀರ್ಮಾನವಾಗಿತ್ತು.

ಆಮೇಲೆ ಮಗಳು ನೀರು ತರಲು ಹಿತ್ತಿಲಿಗೆ ಹೋದಾಗ, ಅದೇ ಟ್ವೀಟರ್ ನಲ್ಲಿಯ ಬಳಿ ತನ್ನ ಕಸುಬಿನ ಗೆಳೆಯರಿಗೆ ಮೆಲ್ಲಗೆ ಹೇಳುತ್ತಿದ್ದ ಮಾತು ಅವಳ ಕಿವಿಗೆ ಬಿತ್ತು.

"ಎಂಥಾ ಕಿವಿ ಇತ್ತು ಕಣ್ರೋ ಅವರಿಗೆ. ಹೋಗ್ಬಿಟ್ಟಿತ್ತು, ಪಾಪ. ಯಾರಿಗೂ ಹೇಳ್ಕೊಳ್ಲಿಲ್ಲ. ಇವತ್ತು ಅವರ ಕಾರಲ್ಲಿ ಹಾಡು ಹಾಕ್ತಾರಲ್ಲ, ಕೇಳಿ, ನಿಮಗೇ ಗೊತ್ತಾಗುತ್ತೆ."

ಅವನು ಅಣಕಿಸುತ್ತಿರಲಿಲ್ಲ, ನಿಜವಾಗಿ ಮರುಗುತ್ತಿದ್ದ. ಅಣಕಿಸಿದ್ದರೆ ಅವಳು ಕೊಡದಲ್ಲಿದ್ದ ನೀರನ್ನು ಅವನ ತಲೆಗೆ ಸುರಿದು ಸುಮ್ಮನಾಗುತ್ತಿದ್ದಳೋ ಏನೋ. ಆ ಮರುಕವನ್ನು ನುಂಗಿಕೊಳ್ಳುವುದು ಅವಳಿಂದ ಆಗಲಿಲ್ಲ. ಕೊಡವನ್ನು ಅಲ್ಲೇ ಇಟ್ಟು, ಒಳಗೆ ಹೋಗಿ, ಅಪ್ಪನ ಹಣೆದೀಪ ಎತ್ತಿಕೊಂಡು ಶೆಡ್ಡಿಗೆ ನಡೆದಳು. ಇವತ್ತು ಈ ಕಾರಿನಿಂದ ಒಂದೇ ಒಂದು ಸೊಟ್ಟ ಸದ್ದು ಹೊರಬೀಳಬಾರದು ಎಂದು ನಿರ್ಧರಿಸಿದ್ದಳು.

*

ಟ್ವೀಟರ್ ಎಂದರೆ ಕಾರಿನ ಸ್ಪೀಕರುಗಳಲ್ಲೆಲ್ಲ ಅತಿ ಚಿಕ್ಕದು, ನಾಣ್ಯದಷ್ಟಗಲದ್ದು. ಶಿಷ್ಯನಿಗೆ ಆ ಹೆಸರು ಅಂಟಿಕೊಂಡದ್ದು ಕೆಲಸಕ್ಕೆ ಸೇರಿದ ಮೊದಲ ದಿನವೇ. ಗಿರಾಕಿಯೊಬ್ಬನ ಹೊಚ್ಚಹೊಸ ಟ್ವೀಟರಿಗೆ ಅವನು ಹಾಡನ್ನು ಹಾಗೇ ಇಡಿಯಾಗಿ, ಭಾರಿ ಗುಡುಗೂ ಸೇರಿದಂತೆ, ಬಿಟ್ಟುಕೊಟ್ಟ. ಚಿಟ್ ಎಂದು ಸದ್ದಾಯಿತು, ಸಣ್ಣಗೆ ಹೊಗೆ ಬಂತು, ಅಷ್ಟೇ. ಮೂಲೆಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದ ಮಗಳು ನಕ್ಕುಬಿಟ್ಟಿದ್ದಳು.

ಅಪ್ಪ ಬೈಯಲಿಲ್ಲ. ಕರಕಲಾದ ಟ್ವೀಟರನ್ನು ಅವನ ಅಂಗೈಯಲ್ಲಿಟ್ಟು ಕೇಳಿದ.

"ಮನೆ ಬದಲಾಯಿಸ್ತಾ ಇದೀವಿ ಅಂದ್ಕೋ. ಬೀರು ಹೊರೋರು ಯಾರು?"

"ದೊಡ್ಡೋರು."

"ಕೂಸಿನ ಕೈಗೆ ಏನು ಕೊಡ್ತೀಯ?"

"ಚಮಚ, ಲೋಟ, ಏನೋ ಒಂದು."

"ನೀನು ಕೂಸಿನ ತಲೆ ಮೇಲೆ ಬೀರು ಇಟ್ಟೆ."

ಕ್ರಾಸ್‌ಓವರ್ ಎಂಬ ಆ ಕಪ್ಪು ಪೆಟ್ಟಿಗೆ ಮಾಡುವ ಕೆಲಸ ಇಷ್ಟೇ, ಹಾಡು ಒಳಗೆ ಬರುತ್ತಿದ್ದ ಹಾಗೆ ಹೊರೆ ಹಂಚುವುದು. ಗುಡುಗು ಹಿಂದಿನ ದೊಡ್ಡ ಸ್ಪೀಕರಿಗೆ, ಮನುಷ್ಯರ ದನಿ ಬಾಗಿಲಿನ ನಡುವಣ ಸ್ಪೀಕರಿಗೆ, ಬಳೆಯ ಸದ್ದಿನಂಥ ಸಣ್ಣ ಸದ್ದು ಕಿಟಕಿಯ ಮೂಲೆಯ ಟ್ವೀಟರಿಗೆ. ಆಮೇಲೆ ಪ್ರತಿಯೊಂದಕ್ಕೂ ಅದರದೇ ಆ್ಯಂಪ್ಲಿಫೈಯರು. ಯಾವ ಸದ್ದನ್ನು ಎಲ್ಲಿ ಕತ್ತರಿಸಬೇಕು, ಎಷ್ಟು ಜೋರಾಗಿ ಬಿಡಬೇಕು, ಹತ್ತಿರದ ಸ್ಪೀಕರನ್ನು ಎಷ್ಟು ತಡೆದು ನಿಲ್ಲಿಸಿದರೆ ದೂರದ್ದು ಬಂದು ಜೊತೆಗೂಡುತ್ತದೆ, ಎಲ್ಲವೂ ಆ ತಿರುಪುಗಳಲ್ಲಿದೆ. ಹದ ಸರಿಯಾಗಿ ಕೂತರೆ ಸ್ಪೀಕರುಗಳು ಮಾಯವಾಗುತ್ತವೆ. ಕಣ್ಣು ಮುಚ್ಚಿದರೆ ಹಾಡುವವಳು ಮುಂದಿನ ಗಾಜಿನ ಮೇಲೆ ಬಂದು ಕೂರುತ್ತಾಳೆ. ಅಪ್ಪ ಅದನ್ನು ಹದ ಮಾಡುವುದು ಎನ್ನುತ್ತಿರಲಿಲ್ಲ, ಅವಳನ್ನು ಕೂರಿಸುವುದು ಎನ್ನುತ್ತಿದ್ದ.

ಪರೀಕ್ಷೆಗೆ ಅವನು ಬಳಸುತ್ತಿದ್ದುದು ಒಂದೇ ಹಾಡು. ಒಬ್ಬಳೇ ಹೆಂಗಸು, ಹಿಂದೆ ಒಂದು ಕೊಳಲು, ಬೇರೇನಿಲ್ಲ. ಗಿರಾಕಿಗಳಿಗೆ ಕೇಳುತ್ತಿದ್ದ ಪ್ರಶ್ನೆಯೂ ಒಂದೇ. ಎಷ್ಟು ಖರ್ಚು ಮಾಡುತ್ತೀರಿ ಎಂದಲ್ಲ, ಗಾಡಿಯಲ್ಲಿ ಯಾರಿಗೆ ಕೇಳಬೇಕು ಎಂದು. ಎಲ್ಲರಿಗೂ ಎಂದವರಿಗೆ ನಗುತ್ತಾ, ಎಲ್ಲರಿಗೂ ಕೂರಿಸೋಕೆ ಆಗಲ್ಲ ಸ್ವಾಮಿ, ಒಂದು ಜಾಗ ಹೇಳಿ ಎನ್ನುತ್ತಿದ್ದ. ನೂರಕ್ಕೆ ನೂರು ಜನ ಸ್ಟೇರಿಂಗ್ ಹಿಂದಿನ ಸೀಟನ್ನೇ ತೋರಿಸುತ್ತಿದ್ದರು.

*

ಬಣ್ಣವೆಲ್ಲ ಉದುರಿದ ಮೇಲೆ ಮಗಳು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ತಿರುಪುಗಳ ತಲೆ ಒರೆಸಿದಳು. ತಿರುಗಿಸುವ ಮುಂಚೆ ಹಳೆಯ ಜಾಗಕ್ಕೆ ಪೆನ್ನಿನಿಂದ ಗೀಟು ಎಳೆಯಬೇಕು. ಅಪ್ಪನ ಅಂಗಡಿಯಲ್ಲಿ ಕಲಿತವರು ಊಟಕ್ಕೆ ಮುಂಚೆ ಕೈ ತೊಳೆಯುವುದನ್ನು ಮರೆತಾರು, ಅದನ್ನು ಮರೆಯಲಾರರು. ಅವಳ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು.

ಅಷ್ಟರಲ್ಲಿ ದೀಪದ ಬೆಳಕು ಎಡಗಡೆ ಟ್ವೀಟರಿನ ತಿರುಪಿನ ಮೇಲೆ ಬಿತ್ತು. ಅದು ಹೆಚ್ಚುಕಡಿಮೆ ಕೊನೆಯವರೆಗೆ ತೆರೆದಿತ್ತು. ಬಲಗಡೆಯದು ಮುಚ್ಚಿಯೇ ಹೋಗಿತ್ತು. ಬೇಕೆಂದು ಕೆಡಿಸಹೊರಟವನೂ ಇಷ್ಟು ಕೆಡಿಸುತ್ತಿರಲಿಲ್ಲ. ಎಡಗಿವಿ ಸತ್ತವನು ಮಾತ್ರ ಎಡಕ್ಕೆ ಇಷ್ಟು ಸುರಿಯಬಲ್ಲ.

ಹಾಗಾದರೆ ಟ್ವೀಟರ್ ಹೇಳಿದ್ದು ನಿಜ.  ಅಪ್ಪ ಸತ್ತ ಸುದ್ದಿ ಕೇಳಿದಾಗಲೂ ಇಷ್ಟು ನೋವಾಗಿರಲಿಲ್ಲ ಎನ್ನಿಸಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಯಾವಾಗಿನಿಂದ ಕೇಳಿಸುತ್ತಿರಲಿಲ್ಲವೋ, ಒಬ್ಬನೇ ಹೇಗೆ ಅಡಗಿಸಿಟ್ಟುಕೊಂಡಿದ್ದನೋ. ಪಕ್ಕದ ಬೆಂಚಿನಲ್ಲೇ ಕೂತು ಕೆಲಸ ಮಾಡುವ ಮಗಳಿಗೂ ಹೇಳಲಿಲ್ಲವಲ್ಲ.

ಅವಳು ಪೆನ್ನನ್ನು ಮತ್ತೆ ಜೇಬಿಗೆ ಹಾಕಿಕೊಂಡಳು. ಗೀಟು ಎಳೆಯಲಿಲ್ಲ. ಇದರ ಗುರುತೂ ಉಳಿಯಬಾರದು ಎಂದುಕೊಂಡು ಎಡಗಡೆಯ ತಿರುಪನ್ನು ಸರಕ್ಕನೆ ತಿರುಗಿಸಿಬಿಟ್ಟಳು. ಅದಾದ ಮೇಲೆ ಉಳಿದವನ್ನು.

ಡ್ರೈವರ್ ಸೀಟಿನ ತಲೆಯ ಜಾಗಕ್ಕೆ ಅಳತೆಯ ಮೈಕು ನಿಲ್ಲಿಸಿ, ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡು ಪರೀಕ್ಷೆಯ ಸದ್ದು ಬಿಟ್ಟಳು. ಸೋ ಎಂದು ಒಂದೇ ಸಮ ಹರಿಯುವ ಸದ್ದು ಅದು. ಅಂಗಳದಲ್ಲಿ ಎಲ್ಲರೂ ತಲೆಯೆತ್ತಿದರು. ನೀರಿನ ಪೈಪು ಒಡೆದಿದೆ, ಮೇನ್ ವಾಲ್ವ್ ಎಲ್ಲಿ ಎಂದು ಕೂಗುತ್ತಾ ಚಿಕ್ಕಪ್ಪ ಮನೆಯನ್ನು ಒಂದು ಸುತ್ತು ಬಂದ. ಸಾವಿನ ಮನೆಯೆಂಬುದನ್ನೂ ಮರೆತು ಯಾರೋ ನಕ್ಕರು. ಅಪ್ಪ ಇದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

*

ಈ ಕಾರಿನ ವಿಷಯಕ್ಕೆ ಅಪ್ಪನಿಗೂ ಮಗಳಿಗೂ ಒಮ್ಮೆ ದೊಡ್ಡ ಜಗಳವೇ ಆಗಿತ್ತು. ದೂರದಿಂದ ಬಂದ ಗಿರಾಕಿಯೊಬ್ಬ, ನಿಮ್ಮದೇ ಗಾಡಿ ಕೇಳಿಸಿ ನೋಡೋಣ ಎಂದು ಸ್ಟೇರಿಂಗ್ ಹಿಂದೆ ಕೂತ. ಹಾಡು ಶುರುವಾಗುತ್ತಿದ್ದಂತೆ ಮುಖ ಹುಳ್ಳಗೆ ಮಾಡಿಕೊಂಡು, ಆಮೇಲೆ ಬರುತ್ತೇನೆ ಎಂದವನು ಈ ಕಡೆ ತಲೆ ಹಾಕಲಿಲ್ಲ. ಹಾಡುವವಳು ಎಡಗಡೆ ಕಿಟಕಿಗೆ ಅಂಟಿಕೊಂಡು ಕಿರುಚುತ್ತಿದ್ದಳು, ಬಲಗಡೆ ಪೂರ್ತಿ ಖಾಲಿ.

"ಒಂದು ಸಂಜೆ ಕೊಡು, ನಾನು ಸರಿ ಮಾಡ್ತೀನಿ. ಅಂಗಡಿಗೆ ಇದೇ ಬೋರ್ಡು ಇದ್ದಂಗೆ, ಗೊತ್ತಾ ನಿನಗೆ? ಜನ ನಗ್ತಾರೆ ಅಪ್ಪಾ."

"ನಗಲಿ ಬಿಡು. ಅದನ್ನ ಮುಟ್ಟಬೇಡ."

"ಇದು ಚೆನ್ನಾಗಿ ಕೇಳ್ತಿದೆಯಾ ನಿನಗೆ? ನಿಜ ಹೇಳು."

ಅಪ್ಪ ಕೈಯಲ್ಲಿದ್ದ ತಂತಿಯ ಸಿಪ್ಪೆ ಸುಲಿಯುತ್ತಲೇ ಇದ್ದ. ಆಮೇಲೆ, ನನ್ನ ಗಾಡಿ, ನನ್ನ ಇಷ್ಟ ಎಂದ. ಆ ಮಾತಿಗೆ ಅವಳು ಬಹಳ ದಿನ ಮುಖ ಊದಿಸಿಕೊಂಡು ತಿರುಗಿದಳು. ಕಿವಿಯ ಸುದ್ದಿ ಊರಿನ ಅಂಗಡಿಗಳಲ್ಲಿ ಹರಡಿದ್ದು ಅಲ್ಲಿಂದಾಚೆಗೇ. ಅಪ್ಪನ ಕೆಲಸ ಕಡಿಮೆಯಾಯಿತು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ, ಅಷ್ಟರಲ್ಲಿ ಬೇರೆಯಾಗಿ ಹೋಗಿದ್ದ ಶಿಷ್ಯ ಟ್ವೀಟರಿನ ದೊಡ್ಡ ಅಂಗಡಿಯ ದಾರಿ ಹಿಡಿದರು. ಅಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಇದ್ದ ಕೆಲಸವನ್ನು ಮಾಡುತ್ತಾ ಹೋದ. ನಿನ್ನೆ ಮಧ್ಯಾಹ್ನವೂ ಯಾರದೋ ಕಾರಿನ ಡಿಕ್ಕಿಯೊಳಗೆ ಕಾಲು ಹೊರಗೆ ಚಾಚಿ ಮಲಗಿದ್ದ. ಅದು ಅವನ ನಿತ್ಯದ ಭಂಗಿಯೇ ಆದ್ದರಿಂದ, ಊಟಕ್ಕೆ ಕರೆಯಲು ಹೋಗುವವರೆಗೆ ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಹಣೆದೀಪ ಇನ್ನೂ ಉರಿಯುತ್ತಿತ್ತು.

*

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮಗಳು ಗೆದ್ದಿದ್ದಳು. ಪರದೆಯ ಮೇಲಿನ ಗೆರೆ ಹಾಸಿದ ಚಾಪೆಯಂತೆ ಸಮವಾಗಿತ್ತು. ಮೈಕು ತೆಗೆದು, ಸ್ಟೇರಿಂಗ್ ಹಿಂದೆ ತಾನೇ ಕೂತು ಹಾಡು ಹಾಕಿ ಕಣ್ಣು ಮುಚ್ಚಿದಳು. ಹಾಡುವವಳು ಬಂದಳು. ನೇರ ಎದುರಿಗೆ, ಕೈ ಚಾಚಿದರೆ ಮುಟ್ಟಬಹುದು ಎನ್ನುವಷ್ಟು ಹತ್ತಿರ ಕೂತಳು. ಕೊಳಲು ಅವಳ ಬೆನ್ನ ಹಿಂದೆ ನಿಂತಿತು. ಈಗ ಕೇಳಿಸಿಕೊಳ್ಳಲಿ ಎಲ್ಲರೂ ಎಂದುಕೊಂಡಳು.  ಇಳಿದು ಹೋಗಿ ಅಮ್ಮನನ್ನು ಕರೆತಂದಳು.

ಅಮ್ಮ ಎಂದಿನಂತೆ ಸುತ್ತಿ ಬಂದು ಮಗಳನ್ನು ತನ್ನ ಬಲಕ್ಕೆ ಹಾಕಿಕೊಂಡು ನಡೆದಳು. ಅಮ್ಮನ ಎಡಗಿವಿ ಮಂದವೆಂಬುದು ಮನೆಯಲ್ಲಿ ಗೊತ್ತಿಲ್ಲದ್ದೇನಲ್ಲ. ಆದರೆ ಆ ಮಾತೆತ್ತಿದರೆ ಅವಳಿಗೆ ಎಲ್ಲಿಲ್ಲದ ಸಿಟ್ಟು. ಹಾಗಾಗಿ ಯಾರೂ ಎತ್ತುತ್ತಿರಲಿಲ್ಲ, ಎತ್ತದೆ ಎತ್ತದೆ ಮರೆತೇಹೋಗಿತ್ತು. ಮುಂದಿನ ಎಡಗಡೆಯ ಸೀಟು ಅಮ್ಮನದು. ಅವಳಿಲ್ಲದಾಗಲೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಮಗಳು ಚಿಕ್ಕಂದಿನಿಂದ ಹಿಂದೆ ಕೂತು ಬೆಳೆದವಳು, ದೊಡ್ಡವಳಾದ ಮೇಲೆ ಸ್ಟೇರಿಂಗ್ ಹಿಡಿದವಳು.

ಅಮ್ಮ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು, ಹಾಕು ಎಂಬಂತೆ ತಲೆಯಾಡಿಸಿದಳು. ಮಗಳು ಹಾಡು ಹಾಕಿ ಅವಳ ಮುಖವನ್ನೇ ನೋಡಿದಳು.

ಅಮ್ಮ ತಲೆಯನ್ನು ಅತ್ತ ಇತ್ತ ತಿರುಗಿಸಿದಳು. 

"ಎಲ್ಲಿ ಹೋದ್ಲು ಇವಳು?" ಎಂದಳು.

"ಯಾರಮ್ಮ?"

"ಹಾಡೋಳು. ಇಲ್ಲಿ ಕೂತಿರ್ತಿದ್ಲಲ್ಲ." ಅಮ್ಮ ತನ್ನ ಮುಖದ ನೇರಕ್ಕೆ ಗಾಜಿನತ್ತ ಬೆರಳು ಚಾಚಿದ್ದಳು.  "ಆ ಕಡೆ ಬಾಗಿಲ ಹತ್ರ ಯಾರೋ ಗೊಣಗ್ತಿದಾರೆ ಅಷ್ಟೇ. ಏನು ಮಾಡಿದೆ ನೀನು?"

 ಅಮ್ಮ ಹಾಡು ನಿಲ್ಲಿಸುವಂತೆ ಕೈಸನ್ನೆ ಮಾಡಿ ಹೇಳಿದಳು. ಹಿಂದೊಮ್ಮೆ ಜ್ವರ ಬಂದು ಎಡಗಿವಿ ಹೋದಾಗ ಅವಳಿಗೆ ಮಾತು ಹೇಗೋ ಕೇಳುತ್ತಿತ್ತು, ಬಲಕ್ಕೆ ತಿರುಗಿಕೊಂಡರೆ ನಡೆಯುತ್ತಿತ್ತು. ಹಾಡು ಮಾತ್ರ ಕೆಟ್ಟುಹೋಯಿತು. ಎಲ್ಲ ಒಂದೇ ಕಡೆ ಕಲಸಿಕೊಂಡು ಬರುತ್ತಿತ್ತು. ನನಗೆ ಇನ್ನು ಹಾಡು ಬೇಡ, ಆರಿಸಿಬಿಡಿ ಎಂದು ಒಂದು ದಿನ ದಾರಿಯಲ್ಲಿ ಅತ್ತುಬಿಟ್ಟಿದ್ದಳು. ಅಪ್ಪ ಕಾರನ್ನು ನೇರ ಶೆಡ್ಡಿಗೆ ತಂದ. ಅವಳನ್ನು ಇದೇ ಸೀಟಿನಲ್ಲಿ ಕೂರಿಸಿ, ತಾನು ಡಿಕ್ಕಿಯಲ್ಲಿ ಮಲಗಿದ. ಹಾಡುವವಳು ಎಲ್ಲಿ ಕೇಳುತ್ತಾಳೋ ಅಲ್ಲಿಗೆ ಬೆರಳು ತೋರಿಸು ಎಂದ. ಬೆರಳು ಎದುರಿಗೆ ಬಂದು ನಿಲ್ಲುವವರೆಗೆ ಅವನು ಏಳಲಿಲ್ಲ. ಕತ್ತಲಾಗಿ, ಅವಳಿಗೆ ಕೈ ಸೋತು, ಸಾಕು ಬನ್ನಿ ಎಂದರೂ ಬಿಡಲಿಲ್ಲ.

"ಆಮೇಲೆ ನನ್ನ ಉಗುರುಬಣ್ಣದ ಬಾಟ್ಲಿ ಇಸ್ಕೊಂಡು ಹೋದ್ರು. ಖಾಲಿ ಮಾಡಿ ಕೊಟ್ರು. ನಿಮಗೂ ಚೆನ್ನಾಗಿ ಕೇಳುತ್ತಾ ಅಂದೆ. ಫಸ್ಟ್ ಕ್ಲಾಸ್ ಅಂದ್ರು."

"ಅಪ್ಪನಿಗೆ ಕಿವಿ ಹೋಗಿದೆ ಅಂತ ಊರೆಲ್ಲ ಹೇಳ್ತಿದ್ರು ಅಮ್ಮ. ಅದಕ್ಕೆ ಗಿರಾಕಿಗಳು ಬಿಟ್ಟುಹೋದ್ರು. ಒಂದು ಮಾತು ಹೇಳಬಾರದಿತ್ತಾ?"

"ನನ್ನ ಕಿವಿ ಸುದ್ದಿ ಯಾರ ಹತ್ರನೂ ಎತ್ತಬೇಡಿ ಅಂದಿದ್ದೆ ನಾನು," ಎಂದಳು ಅಮ್ಮ. "ಎತ್ತಲಿಲ್ಲ."

*

ಮಗಳು ಡಿಕ್ಕಿಗೆ ಓಡಿದಳು. ತಿರುಪುಗಳು ತೊಳೆದಿಟ್ಟಂತೆ ಹೊಳೆಯುತ್ತಿದ್ದವು. ಒಂದು ಗೀಟಿಲ್ಲ, ಒಂದು ಚೂರು ಬಣ್ಣವಿಲ್ಲ. ಎಡಗಡೆಯದು ಹೆಚ್ಚುಕಡಿಮೆ ಕೊನೆಯವರೆಗೆ ತೆರೆದಿತ್ತು, ಬಲಗಡೆಯದು ಮುಚ್ಚಿತ್ತು ಎಂಬುದಷ್ಟೇ ನೆನಪು. ಆ ಹೆಚ್ಚುಕಡಿಮೆಯಲ್ಲೇ ಅಪ್ಪ ಇಡೀ ಸಂಜೆ ಕಳೆದಿದ್ದ. ಮೈಕನ್ನು ಎಡಗಡೆ ಸೀಟಿಗೆ ಹಾಕಿ ಅಳೆದರೂ ಉಪಯೋಗವಿಲ್ಲ, ಮೈಕಿಗೆ ಅಮ್ಮನ ಕಿವಿ ಇಲ್ಲ. ಆ ಸೀಟಿನಲ್ಲಿ ತಾನೇ ಕೂತರೂ ತನಗೆ ಸರಿಯೆನಿಸಿದ್ದು ಅಮ್ಮನಿಗೆ ಸರಿಯಾಗದು. ಲೋಕದಲ್ಲಿ ಒಬ್ಬಳಿಗೆ ಮಾತ್ರ ಕೇಳುವ ಹಾಡನ್ನು ಅವಳು ತನ್ನ ಕೈಯಾರೆ ಒರೆಸಿಹಾಕಿದ್ದಳು.

ಅಷ್ಟರಲ್ಲಿ ಶವದ ಗಾಡಿ ಬೀದಿಯ ತಿರುವಿನಲ್ಲಿ ಕಾಣಿಸಿತು. ಚಿಕ್ಕಪ್ಪ ಗಡಿಯಾರ ನೋಡುತ್ತಾ ಬಂದ. ಅಪ್ಪನನ್ನು ಎತ್ತಲು ಜನ ಎದ್ದು ನಿಂತಿದ್ದರು. ಟ್ವೀಟರ್ ಕಾರಿನ ಕೀಲಿಗಾಗಿ ಕೈ ಚಾಚಿದ.

"ಗಾಡಿ ಕಾಯ್ಲಿ," ಎಂದಳು ಮಗಳು.

"ಕಾಯೋಕೆ ಆಗುತ್ತೇನೇ? ಅವರಿಗೆ ಬೇರೆ ಮನೆ ಇರುತ್ತೆ," ಎಂದ ಚಿಕ್ಕಪ್ಪ.

ಅಮ್ಮ ಕಾರಿನಿಂದ ಇಳಿದಳು. ಅಂಗಳದ ಜನವೆಲ್ಲ ಕೇಳುವಂತೆ, ಜೋರಾಗಿಯೇ ಹೇಳಿದಳು.

"ನನಗೆ ಎಡಗಿವಿ ಕೇಳಲ್ಲ. ಬಹಳ ವರ್ಷ ಆಯ್ತು. ಈ ಕಾರಲ್ಲಿ ಅವರು ನನ್ನ ಕಿವಿಗೆ ತಕ್ಕ ಹಾಗೆ ಹಾಡು ಕೂರಿಸಿದ್ರು. ಅವರ ಕಿವಿಗೆ ಏನೂ ಆಗಿರ್ಲಿಲ್ಲ. ಈಗ ಅದು ತಪ್ಪಿದೆ, ಮಗಳು ಮತ್ತೆ ಕೂರಿಸ್ತಾಳೆ. ಆಮೇಲೆ ಹೊರಡೋಣ. ಅವರು ಅವಸರದವರಲ್ಲ, ಕಾಯ್ತಾರೆ."

 ಚಿಕ್ಕಪ್ಪ ಒಂದು ಗಳಿಗೆ ಅತ್ತಿಗೆಯ ಮುಖ ನೋಡಿ, ಗಾಡಿಯ ಡ್ರೈವರಿಗೆ ನೆರಳಲ್ಲಿ ಕುರ್ಚಿ ಹಾಕಿಸಲು ಹೋದ. ಟ್ವೀಟರ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಮಗಳು ಕೀಲಿಯನ್ನು ಅವನ ಕೈಗಿಟ್ಟಳು.

"ಸ್ಟೇರಿಂಗ್ ಹಿಂದೆ ಕೂತ್ಕೋ. ಹಾಡು ನಿಂತಾಗೆಲ್ಲ ಮತ್ತೆ ಹಾಕ್ತಿರು."

ಅಮ್ಮ ಮತ್ತೆ ತನ್ನ ಸೀಟಿನಲ್ಲಿ ಕೂತಳು, ಮಗಳು ಡಿಕ್ಕಿಯಲ್ಲಿ ಮಲಗಿದಳು. ಹಿಂದಿನ ಸೀಟನ್ನು ಮಡಚಿದ್ದರಿಂದ ಅಲ್ಲಿಂದ ಅಮ್ಮನ ಹೆಗಲು, ಚಾಚಿದ ತೋಳು, ಗಾಜಿನ ಮೇಲೆ ಬೆರಳಿನ ತುದಿ ಕಾಣುತ್ತಿತ್ತು. ಬೆರಳು ಬಲಗಡೆಯ ಬಾಗಿಲಿನತ್ತ ತೋರಿಸುತ್ತಿತ್ತು. ಅವಳು ಎಡಗಡೆಯ ತಿರುಪನ್ನು ಕೂದಲೆಳೆಯಷ್ಟು ತೆರೆದಳು. ಬೆರಳು ಕದಲಲಿಲ್ಲ. ಇನ್ನಷ್ಟು ತೆರೆದಳು. ಬೆರಳು ಸ್ವಲ್ಪ ಇತ್ತ ಸರಿಯಿತು. ಬಲಗಡೆಯದನ್ನು ಇಳಿಸಿದಳು, ಬೆರಳು ಸರಿದು ಮತ್ತೆ ಹಿಂದಕ್ಕೆ ಹೋಯಿತು. ಮಾಡಿದ್ದನ್ನು ಬಿಟ್ಟು ಮೊದಲಿನಿಂದ ಶುರು ಮಾಡಿದಳು.

"ನನ್ನ ಕಡೆ ಕೆಡ್ತಾ ಇದೆ," ಎಂದ ಟ್ವೀಟರ್ ಮುಂದಿನಿಂದ, ಅಭ್ಯಾಸ ಬಲದಿಂದ.

"ಕೆಡಲಿ."

ಅವನು ಹಾಡನ್ನು ಮತ್ತೆ ಹಾಕಿದ. ಮತ್ತೆ, ಮತ್ತೆ ಹಾಕಿದ. ಡಿಕ್ಕಿಯೊಳಗೆ ಒಲೆಯಂಥ ಸೆಕೆ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಒಂದು ಸಲ ಬೆರಳು ಸುಮ್ಮನೆ ಕೆಳಗಿಳಿಯಿತು. ಅಮ್ಮನಿಗೆ ಕೈ ಸೋತಿತೋ ಹಾಡು ಪೂರ್ತಿ ಕಳೆದುಹೋಯಿತೋ ತಿಳಿಯದೆ ಮಗಳು ತಿರುಪಿನಿಂದ ಕೈ ತೆಗೆದಳು. ಅಪ್ಪ ಈ ಜಾಗದಲ್ಲೇ ಮಲಗಿ ಇದೇ ಬೆರಳನ್ನು ಕಾದಿದ್ದ ಎಂಬುದು ಅವಳ ಕೈಗೆ ಬಲ ಕೊಟ್ಟಿತು. ಜೋರು, ಮೆಲು ಎರಡನ್ನೂ ಬಿಟ್ಟು ಸದ್ದನ್ನು ತಡೆದು ನಿಲ್ಲಿಸುವ ತಿರುಪನ್ನು ಹಿಡಿದಳು. ಎಡಗಡೆಯದು ಒಂದಿಷ್ಟು ಬೇಗ ಹೊರಡಲಿ, ಮಂದ ಕಿವಿಗೆ ಮೊದಲು ಮುಟ್ಟಲಿ ಎಂದು ತಡವನ್ನು ಪೂರ್ತಿ ತೆಗೆದಳು. ಬೆರಳು ಮೇಲೆದ್ದಿತು. ಗಾಜಿನ ನಡುವಿಗೆ ಬಂತು, ಇನ್ನೂ ಇತ್ತ ಬಂತು, ಅಮ್ಮನ ಮುಖದ ನೇರಕ್ಕೆ ಬಂದು ನಿಂತಿತು.

ಮಗಳು ಸ್ಕ್ರೂಡ್ರೈವರನ್ನು ಎತ್ತಿಬಿಟ್ಟಳು. ಬೆರಳು ಅಲ್ಲೇ ಇತ್ತು.

ಅಮ್ಮನ ಬೀರುವಿನ ತಳದಲ್ಲಿ ಉಗುರುಬಣ್ಣದ ಇನ್ನೊಂದು ಹಳೆಯ ಬಾಟಲಿ ಸಿಕ್ಕಿತು. ಬಣ್ಣ ಗಟ್ಟಿಯಾಗಿತ್ತು, ಎರಡು ಹನಿ ಸ್ಪಿರಿಟ್ಟು ಹಾಕಿ ಕಲಕಿದ ಮೇಲೆ ಕರಗಿತು. ಮಗಳು ಒಂದೊಂದು ತಿರುಪಿಗೂ ಒಂದೊಂದು ತೊಟ್ಟು ಬಿಟ್ಟು, ಒಣಗುವವರೆಗೆ ಬಾಯಿಂದ ಊದಿದಳು. ಆಮೇಲೆ ಒಳಗೆ ಹೋಗಿ, ಎಲ್ಲರ ಜೊತೆ ಕೈ ಕೊಟ್ಟು ಅಪ್ಪನನ್ನು ಎತ್ತಿ ಗಾಡಿಗೆ ಏರಿಸಿದಳು. ಅವಳ ಅಂಗೈಯ ಕೆಂಪು ಬಿಳಿ ಬಟ್ಟೆಗೆ ತಾಗಿ ಸಣ್ಣ ಕಲೆಯಾಯಿತು. ಅದನ್ನು ಯಾರೂ ಒರೆಸಲು ಹೋಗಲಿಲ್ಲ.

ಶವದ ಗಾಡಿ ಮುಂದೆ ಹೊರಟಿತು, ಅದರ ಹಿಂದೆಯೇ ಅಪ್ಪನ ಕಾರು. ಎಲ್ಲ ಕಿಟಕಿಗಳೂ ತೆರೆದಿದ್ದವು. ಬೀದಿಯ ಎರಡೂ ಬದಿಯಲ್ಲಿ ನಿಂತ ಕಸುಬಿನವರಿಗೆ ಹಾಡು ಸೊಟ್ಟಗೆ, ಕೀರಲಾಗಿ ಕೇಳುತ್ತಿತ್ತು. ಅವರು ಒಬ್ಬೊಬ್ಬರಾಗಿ ಕೈ ಮುಗಿದು ತಲೆ ತಗ್ಗಿಸಿದರು. ಸ್ಟೇರಿಂಗ್ ಹಿಡಿದ ಟ್ವೀಟರಿಗೆ ಎಡಗಡೆಯಿಂದ ಸೂಜಿಯಂತೆ ಚುಚ್ಚುತ್ತಿತ್ತು. ಅವನ ಕಣ್ಣಿಂದ ಧಾರಾಕಾರ ನೀರು ಸುರಿಯುತ್ತಿತ್ತು. ಒಮ್ಮೆಯೂ ಅವನ ಕೈ ವಾಲ್ಯೂಮಿನತ್ತ ಹೋಗಲಿಲ್ಲ.

ಹಿಂದಿನ ಸೀಟಿನಲ್ಲಿ, ತಾನು ಬೆಳೆದ ಜಾಗದಲ್ಲಿ, ಮಗಳು ಅಮ್ಮನ ಹೆಗಲಿನ ಮೇಲಿಂದ ಮುಂದಕ್ಕೆ ನೋಡುತ್ತಿದ್ದಳು. ಅಮ್ಮ ಕಣ್ಣು ಮುಚ್ಚಿದ್ದಳು. ಬೆರಳನ್ನು ಇನ್ನೂ ಇಳಿಸಿರಲಿಲ್ಲ. ರಸ್ತೆ ಸಣ್ಣಗೆ ತಿರುಗಿ ನೇರವಾದಾಗ, ಗಾಜಿನ ಮೇಲೆ ಆ ಬೆರಳು ತೋರಿಸುತ್ತಿದ್ದ ಕಡೆಗೇ ಮುಂದಿನ ಗಾಡಿಯ ಹಿಂಬಾಗಿಲು ಬಂದು ನಿಂತಿತು.